ಹಾರಂಗಿ ಹಿನ್ನೀರಲ್ಲಿ ಹೂತ ಕಾರು: "ಎಳೆಯಲ್ಲ" ಅಂದದ್ದು ತಪ್ಪಾ?

ಹಳೇಜೀಪು (ಸುಂಟಿಕೊಪ್ಪ), ಭಾನುವಾರ ರಾತ್ರಿ 9.40

ಉದ್ದ ಆಗ್ತದೆ, ಪುರುಸೊತ್ತಿದ್ದವರು ಓದಿ.

ನಿನ್ನೆ ಶನಿವಾರ ನಾನು, ನನ್ನ ತಮ್ಮ, ಅವನ ಮಗ ಮೂರು ಜನ ಕೊಡಗಿನ ಹೇರೂರು ಕಡೆ ಹಾರಂಗಿ ಜಲಾಶಯದ ಹಿನ್ನೀರಿನ ಹತ್ತಿರ ಪರಿಚಯದವರ ತೋಟದಲ್ಲಿ ಟೆಂಟ್ ಹಾಕಿದ್ದೆವು. ನೀರಿನ ಪಕ್ಕ ಅಲ್ಲ, ಮೇಲೆ, ಬೇಲಿಯ ಒಳಗೆ. ಏಪ್ರಿಲ್‌ನಲ್ಲಿ ನೀರು ಎಲ್ಲಿಗೆ ಇಳಿದಿರ್ತದೆ ಅಂತ ನಿಮಗೆ ಗೊತ್ತೇ ಉಂಟು. ಮಳೆಗಾಲದಲ್ಲಿ ತೆಪ್ಪ ಹೋಗುವ ಜಾಗ ಈಗ ಬಯಲು. ಮೇಲಿಂದ ನೋಡಿದ್ರೆ ಕ್ರಿಕೆಟ್ ಆಡುವಷ್ಟು ಚಂದ.

ಐದೂವರೆಗೆ ಒಂದು ಕಾರು ಆ ಬಯಲಿಗೆ ಇಳಿಯಿತು. ಸೀದಾ ನೀರಿನ ಕಡೆಗೆ. ಸುಮಾರು ಇನ್ನೂರು ಅಡಿ ಹೋಗಿದ್ದಿರಬೇಕು, ನಿಂತಿತು. ಇಂಜಿನ್ ಕಿರುಚಿತು. ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಕಿರುಚಿತು. ತಮ್ಮ ಮೀನು ಹುರಿಯುತ್ತಿದ್ದವನು ತಲೆ ಎತ್ತದೆ "ಹೋಯ್ತು" ಅಂದ.

ಜೀಪನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ನಡೆದುಕೊಂಡು ಹೋದೆವು. ಗಂಡ, ಹೆಂಡತಿ, ಎರಡು ಮಕ್ಕಳು, ಹಿಂದಿನ ಸೀಟಿನಲ್ಲಿ ವಯಸ್ಸಾದ ಒಬ್ಬರು ಅಮ್ಮ. ಮುಂದಿನ ಎರಡೂ ಚಕ್ರ ರಿಮ್ಮಿನ ತನಕ ಮರಳಿನಲ್ಲಿ. ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಕಾರು. ಬಗ್ಗಿ ನೋಡಿದರೆ ಇಂಜಿನ್ ಕೆಳಗಿನ ತಗಡು ಪೂರ್ತಿ ನೆಲದ ಮೇಲೆ ಕೂತಿದೆ. ಅಂದರೆ ಭಾರ ಚಕ್ರದ ಮೇಲೆ ಇಲ್ಲ, ಹೊಟ್ಟೆಯ ಮೇಲೆ.

ಅವರು ಅಷ್ಟರಲ್ಲಿ ಹಳದಿ ಪ್ಲಾಸ್ಟಿಕ್ ಹಗ್ಗ ತೆಗೆದು ಕಾರಿನ ಅಡಿಯಲ್ಲಿ ಕೈಗೆ ಸಿಕ್ಕ ಕಬ್ಬಿಣಕ್ಕೆ ಕಟ್ಟಿ ಆಗಿತ್ತು. ಅದು ಚಕ್ರ ಹಿಡಿದುಕೊಳ್ಳುವ ಲೋವರ್ ಆರ್ಮ್. ಬಂಪರಿಗೆ ಹಾಕುವ ಟೋ ಹುಕ್ ಎಲ್ಲಿ ಅಂತ ಕೇಳಿದೆ, ಹಾಗೊಂದು ಉಂಟು ಅಂತಲೇ ಅವರಿಗೆ ಗೊತ್ತಿರಲಿಲ್ಲ. "ನಿಮ್ಮದು ಫೋರ್ ವೀಲ್ ಅಲ್ವಾ ಸಾರ್, ಒಂದು ಜರ್ಕ್ ಕೊಡಿ ಸಾಕು" ಅಂದರು. ಅಮ್ಮ ಕಾರಿನಿಂದ ಇಳಿಯಲು ತಯಾರಿಲ್ಲ. ಮಕ್ಕಳು ಹಗ್ಗದ ಮೇಲೆ ನಿಂತು ಆಡುತ್ತಿದ್ದಾವೆ.

ನಾನು "ಎಳೆಯಲ್ಲ" ಅಂದೆ.

ಅವರ ಮುಖ ನೋಡಬೇಕಿತ್ತು. ಬೆಂಕಿ ಹತ್ತಿದ ಮನೆ ಮುಂದೆ ನಿಂತು ನೀರು ಕೊಡಲ್ಲ ಅಂದ ಹಾಗೆ.

ಆಮೇಲೆ ಮಾಡಿದ್ದು ಇಷ್ಟು. ಎಲ್ಲರನ್ನೂ ಇಳಿಸಿದೆವು. ಜೀಪಿನಲ್ಲಿ ಮಮ್ಮಟಿ ಇತ್ತು, ಚಕ್ರದ ಹಿಂದೆ ಮುಂದೆ ಇಳಿಜಾರಾಗಿ ಕೆರೆದು, ತಮ್ಮ ಬೋರಲು ಮಲಗಿ ಹೊಟ್ಟೆ ಕೆಳಗಿನ ಮರಳು ಕೈಯಿಂದ ಎಳೆದ. ಇದಕ್ಕೇ ಒಂದು ಗಂಟೆ. ನಾಲ್ಕೂ ಟೈರಿನ ಗಾಳಿ 33ರಿಂದ 16 ಪಿಎಸ್‌ಐಗೆ ಇಳಿಸಿದೆ. ಅದಕ್ಕೆ ಇನ್ನೊಂದು ಜಗಳ, "ಗಾಳಿ ತೆಗೆದರೆ ಇನ್ನೂ ಹೂತುಹೋಗಲ್ವಾ?" ಅಂತ. ರೊಬಸ್ಟಾ ಕಾಫಿ ತುಂಬಿದ್ದ ಗೋಣಿಚೀಲಗಳು ಖಾಲಿಯಾಗಿ ಜೀಪಿನಲ್ಲೇ ಬಿದ್ದಿದ್ದವು, ಅದನ್ನು ಮಡಚಿ ಮುಂದಿನ ಚಕ್ರಗಳ ಹಿಂಬದಿಗೆ ಒತ್ತಿ ತುರುಕಿದೆವು. ಅವರ ಕಾರಿನ ಕಾಲ್ಮ್ಯಾಟುಗಳೂ ಹೋದವು. ರಿವರ್ಸ್, ಸ್ಟೇರಿಂಗ್ ನೇರ, ಬಂದ ಗುರುತಿನ ಮೇಲೆಯೇ ವಾಪಸು, ಆಕ್ಸಿಲರೇಟರ್ ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ. ಮೂರು ಸಲ ಅರ್ಧರ್ಧ ಅಡಿ. ನಾಲ್ಕನೇ ಸಲ ಹೊರಗೆ ಬಂತು. ಜೀಪು ಸ್ಟಾರ್ಟ್ ಕೂಡ ಮಾಡಲಿಲ್ಲ.

ಒಟ್ಟು ಒಂದು ಗಂಟೆ ಐವತ್ತು ನಿಮಿಷ. ಕತ್ತಲಾಗಿತ್ತು. ಅವರು 2000 ರೂಪಾಯಿ ಕೊಡಲು ಬಂದರು, ತಗೊಳ್ಳಲಿಲ್ಲ. ಹೋಗುವಾಗ ಒಂದು ಮಾತು: "ಎಳೆದಿದ್ರೆ ಹತ್ತು ನಿಮಿಷದ ಕೆಲಸ ಇತ್ತು ಸಾರ್."

ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ. ನೀವಾಗಿದ್ದರೆ ಎಳೆಯುತ್ತಿದ್ದಿರಾ?

ಕರಿಮೆಣಸು, ರಾತ್ರಿ 9.58

ಎರಡು ಸಾವಿರ ಬಿಟ್ಟದ್ದು ತಪ್ಪು. ಬಾಕಿ ಎಲ್ಲ ಸರಿ.

ಟ್ರ್ಯಾಲಿ_ಶನಿವಾರಸಂತೆ, ರಾತ್ರಿ 10.15

ನಾನಾಗಿದ್ರೆ ಎಳೀತಿದ್ದೆ ಕಣ್ರೀ. ಟ್ರ್ಯಾಕ್ಟರ್ ಇಟ್ಕೊಂಡು ಹದಿನೈದು ವರ್ಷ ಆಯ್ತು, ಗದ್ದೆ ಕೆಸರಲ್ಲಿ ಹೂತ ಪಿಕಪ್ಪು, ಮರದ ಲಾರಿ, ಮದುವೆ ದಿಬ್ಬಣದ ವ್ಯಾನು ಎಲ್ಲ ಎಳೆದಿದ್ದೀನಿ. ಚೈನ್ ಹಾಕು, ಎಳಿ, ಮುಗೀತು. ಜನ ಕತ್ತಲಲ್ಲಿ ಮಕ್ಕಳು ಮರಿ ಕಟ್ಕೊಂಡು ನಿಂತಿರೋವಾಗ ಮಣ್ಣು ಕೆರೀತಾ ಕೂರೋದು ಯಾವ ನ್ಯಾಯ?

ಫೋರ್‌ಬೈಫೋರ್_ಬೆಂಗಳೂರು, ರಾತ್ರಿ 10.41

ಹಳೇಜೀಪು ಸಾರ್, ನೀವು ಮಾಡಿದ್ದು ನೂರಕ್ಕೆ ನೂರು ಸರಿ. ನಮ್ಮ ಗುಂಪಿನಲ್ಲಿ ಹೊಸಬರಿಗೆ ಹೇಳೋ ಕ್ರಮ ಇದೇ: ಗುದ್ದಲಿ, ಗಾಳಿ ಮೊದಲು, ಹಗ್ಗ ಕೊನೆಗೆ.

ಗಾಳಿ ಯಾಕೆ ಅಂತ ಕೇಳೋರಿಗೆ: ಕಾರಿನ ಭಾರ ಅಷ್ಟೇ ಇರುತ್ತೆ, ಗಾಳಿಯ ಒತ್ತಡ ಅರ್ಧ ಮಾಡಿದ್ರೆ ನೆಲಕ್ಕೆ ತಾಗೋ ಟೈರಿನ ಜಾಗ ಹೆಚ್ಚೂಕಡಿಮೆ ಎರಡರಷ್ಟಾಗುತ್ತೆ. ಅಗಲಕ್ಕಿಂತ ಉದ್ದಕ್ಕೆ ಹರಡುತ್ತೆ, ಯುದ್ಧದ ಟ್ಯಾಂಕಿನ ಪಟ್ಟಿ ಥರ. ಗಾಳಿ ತುಂಬಿದ ಟೈರು ಮರಳನ್ನ ಚಾಕು ಥರ ಕುಯ್ಯುತ್ತೆ. ಆದ್ರೆ 15ಕ್ಕಿಂತ ಕೆಳಗೆ ಹೋಗಿ ಸ್ಟೇರಿಂಗ್ ಜೋರಾಗಿ ತಿರುಗಿಸಿದ್ರೆ ಟ್ಯೂಬ್‌ಲೆಸ್ ಟೈರು ರಿಮ್ಮಿನಿಂದ ಕಳಚಿಕೊಳ್ಳೋ ಭಯ ಇದೆ. 16 ಒಳ್ಳೇ ಲೆಕ್ಕ.

ಟ್ರ್ಯಾಲಿ ಅಣ್ಣನಿಗೆ ಒಂದು ಮಾತು. ಚೈನು ಹಿಗ್ಗಲ್ಲ. ಸಡಿಲ ಬಿಟ್ಟು ಜರ್ಕ್ ಕೊಟ್ರೆ ಪೂರ್ತಿ ಏಟು ಕೊಂಡಿಗೆ ಬೀಳುತ್ತೆ. ಜರ್ಕ್ ಕೊಟ್ಟು ಎಳೆಯೋಕೆ ಅಂತಲೇ ಮಾಡಿದ ನೈಲಾನ್ ಹಗ್ಗ ಬೇರೆ ಇದೆ, ಅದು ಶೇಕಡ 30ರವರೆಗೆ ಹಿಗ್ಗಿ ರಬ್ಬರ್ ಥರ ವಾಪಸ್ ಎಳೆಯುತ್ತೆ. ಅಂಗಡಿಯ ಹಳದಿ ಹಗ್ಗ ಬಟ್ಟೆ ಒಣಹಾಕೋಕೆ ಲಾಯಕ್ಕು. ಇನ್ನೊಂದು, ಹಿಂದೆ ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಉಂಡೆಗೆ (ಟೋ ಬಾಲ್) ಯಾವತ್ತೂ ಹಗ್ಗ ಹಾಕಬೇಡಿ. ಅದು ಮುರಿದು ಹಾರಿ ಜನ ಸತ್ತಿರೋದು ಹೊರದೇಶಗಳಲ್ಲಿ ಎಷ್ಟೋ ಸಲ ಆಗಿದೆ.

ಟ್ರ್ಯಾಲಿ_ಶನಿವಾರಸಂತೆ, ರಾತ್ರಿ 10.52

ಬೆಂಗಳೂರಿಂದ ನಮಗೆ ಚೈನು ಕಲಿಸ್ತಾರೆ.

ಗೋಡುಮಣ್ಣು (ಮಾದಾಪುರ), ರಾತ್ರಿ 11.20

ಇಬ್ಬರೂ ಮರಳು ಮರಳು ಅಂತಿದ್ದೀರಿ. ಹಾರಂಗಿ ಹಿನ್ನೀರಿನಲ್ಲಿ ಇರುವುದು ಬರೀ ಮರಳಲ್ಲ.

2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ನಮ್ಮ ಕಡೆ ಬರೆ ಬರೆಯೇ, ಅಂದರೆ ಗುಡ್ಡದ ಇಳಿಜಾರೇ, ಕುಸಿದು ಹಟ್ಟಿಹೊಳೆಗೆ ಬಂತು. ತೋಟ, ರಸ್ತೆ, ಮನೆ, ಮರ ಎಲ್ಲ ಕಲಸಿಕೊಂಡು ಕೆಳಗೆ ಹೋಯಿತು. ಹೋದದ್ದು ಎಲ್ಲಿಗೆ? ಹಾರಂಗಿ ಜಲಾಶಯಕ್ಕೆ. ಎಂಟೂವರೆ ಟಿಎಂಸಿಯ ಆ ಕೆರೆಯ ಹೊಟ್ಟೆಯಲ್ಲಿ ನಮ್ಮ ಊರಿನ ಮಣ್ಣು ಕೂತಿದೆ. ನೀರು ಇಳಿದಾಗ ಅಂಚಿನಲ್ಲಿ ಕಾಣುವುದು ಅದರ ಮೇಲಿನ ಪದರ ಅಷ್ಟೇ.

ಆ ಪದರದ ಗುಣ ಏನೆಂದರೆ, ಮೇಲೆ ಎರಡು ಮೂರು ಇಂಚು ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಆಗಿರುತ್ತದೆ. ಬಿರುಕು ಬಿಟ್ಟಿರುತ್ತದೆ, ಅದರ ಮೇಲೆ ತೆಳ್ಳಗೆ ಮರಳು. ದನ ನಡೆದರೆ ಏನೂ ಆಗುವುದಿಲ್ಲ, ಅದನ್ನು ನೋಡಿಯೇ ಜನ ಮೋಸ ಹೋಗುವುದು. ಕೆಳಗೆ ಇರುವುದು ನೀರು ಕುಡಿದ ಗೋಡು ಮಣ್ಣು. ಚಕ್ರ ಒಂದೇ ಕಡೆ ತಿರುಗಿದಷ್ಟೂ ಕೆಳಗಿನ ನೀರು ಮೇಲೆ ಬಂದು ಅಂಬಲಿ ಆಗುತ್ತದೆ. ರಾಜಸ್ಥಾನದ ಒಣ ಮರಳಿನಲ್ಲಿ ನಾಲ್ಕು ಸಲ ಪ್ರಯತ್ನ ಮಾಡಬಹುದು. ಇಲ್ಲಿ ಮೊದಲ ಸಲ ಚಕ್ರ ಖಾಲಿ ತಿರುಗಿತು ಅಂದ ಕೂಡಲೇ ಕಾಲು ತೆಗೆಯಬೇಕು. ಆ ಮನುಷ್ಯ ಎರಡನೇ ಸಲ ಕಿರುಚಿಸಿದ್ದರಲ್ಲ, ಒಂದು ಗಂಟೆ ಅಗೆತ ಹುಟ್ಟಿದ್ದು ಅಲ್ಲಿ.

ಇಳಿಯುವ ಮೊದಲು ನಡೆದು ನೋಡಿ. ಹಾರೆ ಇದ್ದರೆ ಚುಚ್ಚಿ. ಒಂದು ಮೊಳ ಸಲೀಸಾಗಿ ಇಳಿದರೆ ಅಲ್ಲಿಗೆ ಕಾರು ಬೇಡ. ಹಾರೆ ಇಲ್ಲವಾ, ಹಿಮ್ಮಡಿ ಒತ್ತಿ ಒಂದೇ ಜಾಗದಲ್ಲಿ ನಾಲ್ಕು ಸಲ ಕುಣಿಯಿರಿ. ನೀರು ಜಿನುಗಿದರೆ ವಾಪಸು ಬನ್ನಿ. ಈ ವಾರ ಕಾಫಿ ಹೂ ಬಿಡಿಸುವ ಹೂಮಳೆ ಬೇರೆ ಬಿದ್ದಿದೆ.

ಕೊಟ್ಟೆಕಡುಬು, ಸೋಮವಾರ ಬೆಳಗ್ಗೆ 6.30

"ಒಂದೇ ಜಾಗದಲ್ಲಿ ನಾಲ್ಕು ಸಲ ಕುಣಿಯಿರಿ." ನಮ್ಮ ಮಾವ ಇದನ್ನು ಹಿನ್ನೀರಿನಲ್ಲಿ ಮಾಡುವುದನ್ನು ಕಲ್ಪಿಸಿಕೊಂಡು ನಗ್ತಾ ಇದ್ದೇನೆ 😀 ಆದರೂ ಗೋಡುಮಣ್ಣು ಸರ್, ಅಷ್ಟು ವರ್ಷದ ಮೇಲೆ ಆ ಮಣ್ಣನ್ನು ಇಲ್ಲಿ ಹೀಗೆ ಓದಿದಾಗ ಹೊಟ್ಟೆಯಲ್ಲಿ ಎಂಥದೋ ಆಯ್ತು.

ಅಮ್ಮತ್ತಿ_ಅಕ್ಕ, ಬೆಳಗ್ಗೆ 8.05

ನಾನು ಆ ಕಾರಿನೊಳಗೆ ಕೂತವಳು. ಮೊನ್ನೆಯದ್ದಲ್ಲ, ಸುಮಾರು ಆರು ವರ್ಷದ ಹಿಂದೆ, ಕಾವೇರಿ ಹೊಳೆಯಂಚಿನ ಮರಳಿನಲ್ಲಿ. ಯಜಮಾನರು ಓಡಿಸ್ತಾ ಇದ್ದರು, ಜೊತೆಗೆ ಅತ್ತೆ. ಅದಕ್ಕೇ ಈ ಕತೆಯಲ್ಲಿ ನನಗೆ ಕಂಡದ್ದು ಬೇರೆ.

ಆ ಅಮ್ಮ ಯಾಕೆ ಇಳಿಯಲಿಲ್ಲ ಅಂತ ಯಾರಾದರೂ ಕೇಳಿದಿರಾ? ನನ್ನ ಅತ್ತೆಯೂ ಇಳಿಯಲಿಲ್ಲ. ಮಂಡಿ ನೋವು, ಮರಳಲ್ಲಿ ನಡೆಯಲು ಆಗುವುದಿಲ್ಲ, ಗುರುತಿಲ್ಲದ ಗಂಡಸರ ಮುಂದೆ ಅದನ್ನು ಹೇಳಲು ನಾಚಿಕೆ. ನಮಗೆ ಸಹಾಯಕ್ಕೆ ಬಂದವರು ಪಕ್ಕದ ತೋಟದ ಲೈನ್ ಮನೆಯ ನಾಲ್ಕು ಜನ ಕೆಲಸದವರು. ಅವರಲ್ಲೊಬ್ಬ ಹೆಂಗಸು ಏನೂ ಕೇಳದೆ ಕಾಫಿ ಒಣಹಾಕುವ ಟಾರ್ಪಾಲು ಹಾಸಿ, ಅತ್ತೆಯ ಕೈ ಹಿಡಿದು ಇಳಿಸಿ ಕೂರಿಸಿದರು. ಮಕ್ಕಳನ್ನು ಕರೆದು ಕಲ್ಲು ಹೆಕ್ಕಿ ತನ್ನಿ ಅಂದರು. ಆ ಕಲ್ಲು ಕೊನೆಗೆ ಯಾವುದಕ್ಕೂ ಉಪಯೋಗ ಆಗಲಿಲ್ಲ, ಈಗ ಗೊತ್ತಾಗ್ತದೆ, ಮಕ್ಕಳನ್ನು ದೂರ ಇಡಲು ಕೊಟ್ಟ ಕೆಲಸ ಅದು. ನಮ್ಮವರ ಕೈಗೇ ಗುದ್ದಲಿ ಕೊಟ್ಟರು. ಅಗೆದು ಬೆವರಿದ ಮೇಲೆ ಅವರ ಸಿಟ್ಟೂ ಇಳಿಯಿತು. ಅವತ್ತು ನಮ್ಮ ಕಾರು ಹೊರಗೆ ಬಂದದ್ದು ಹೆಗಲು ಕೊಟ್ಟು, ಹಗ್ಗ ಇಲ್ಲದೆ.

ಹಳೇಜೀಪು ಅಣ್ಣ, ಎಳೆಯದೇ ಇದ್ದದ್ದು ತಪ್ಪಲ್ಲ. ಆದರೆ ನಿಮ್ಮ ಬಾಯಿಂದ ಮೊದಲು ಬಂದ ಮಾತು "ಎಳೆಯಲ್ಲ". ಹೆಂಡತಿ ಮಕ್ಕಳ ಮುಂದೆ ಕಾರು ಹೂತುಕೊಂಡು ನಿಂತ ಗಂಡಸಿಗೆ ಅದು ಹೇಗೆ ಕೇಳಿಸಿರಬಹುದು? "ಬನ್ನಿ, ಮೊದಲು ಸ್ವಲ್ಪ ಅಗೆಯುವ, ಎಳೆಯುವುದು ಆಮೇಲೆ ನೋಡುವ" ಅಂದಿದ್ದರೆ ಕೆಲಸ ಅದೇ, ಒಂದು ಗಂಟೆ ಐವತ್ತು ನಿಮಿಷವೂ ಅದೇ. ಕೊನೆಯ ಆ ಮಾತು ಮಾತ್ರ ಬರ್ತಾ ಇರಲಿಲ್ಲ.

ಹಳೇಜೀಪು, ಬೆಳಗ್ಗೆ 8.40

ಅಕ್ಕ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತಮ್ಮನಿಗೆ ಓದಿ ಹೇಳಿದೆ. "ನಿನ್ನ ಬಾಯಿ ಯಾವಾಗಲೂ ಹಾಗೇ" ಅಂದ. ಅಮ್ಮನ ಮಂಡಿಯ ವಿಷಯ ನನ್ನ ತಲೆಗೇ ಹೋಗಲಿಲ್ಲ. ಇಳಿದ ಮೇಲೆ ಅವರು ಪೂರಾ ಹೊತ್ತು ನಿಂತೇ ಇದ್ದರು. ಜೀಪಿನಲ್ಲಿ ಮಡಚುವ ಕುರ್ಚಿ ಇತ್ತು ಮಾರಾಯ್ರೆ.

ಟ್ರ್ಯಾಲಿ_ಶನಿವಾರಸಂತೆ, ಬೆಳಗ್ಗೆ 9.30

ರಾತ್ರಿ ಸಿಟ್ಟಲ್ಲಿ ಬರೆದೆ. ಒಂದು ವಿಷಯ ಹೇಳದೆ ಬಿಟ್ಟಿದ್ದೆ, ಹೇಳ್ತೀನಿ.

ಹೋದ ವರ್ಷ ಇದೇ ಥರ ಒಂದು ಹೊಸ ಕಾರು, ಗದ್ದೆ ಬದಿ. ಅವರೇ ಹಗ್ಗ ಕಟ್ಟಿದ್ರು, ಕತ್ತಲಲ್ಲಿ ನಾನು ಬಗ್ಗಿ ನೋಡಲಿಲ್ಲ. ಎಳೆದೆ. ಕಾರು ಬಂತು, ಜೊತೆಗೆ ಮುಂದಿನ ಚಕ್ರ ಸೊಟ್ಟಗೆ ಬಂತು. ಅವರು ಕಟ್ಟಿದ್ದು ಇದೇ ಲೋವರ್ ಆರ್ಮಿಗೆ. ಮೊದಲು ಕೈ ಮುಗಿದವರು ಆಮೇಲೆ ರಿಪೇರಿ ದುಡ್ಡು ಯಾರು ಕೊಡ್ತಾರೆ ಅಂತ ನನ್ನ ಮೇಲೆ ಬಿದ್ರು. ಊರವರು ಸೇರಿ ಬಿಡಿಸಬೇಕಾಯ್ತು. ಅವತ್ತಿಂದ ನಾನೇ ಕಟ್ಟಬೇಕು, ನಾನೇ ಬಿಚ್ಚಬೇಕು, ಇಲ್ಲಾಂದ್ರೆ ಟ್ರ್ಯಾಕ್ಟರ್ ಶೆಡ್ಡಿಂದ ಹೊರಗೆ ಬರಲ್ಲ. ಹೊಟ್ಟೆ ಮೇಲೆ ಕೂತ ಗಾಡಿನ ಕೆರೆಯದೆ ಎಳೆಯೋದು ಬೇರು ಕಡಿಯದೆ ಮರ ಕೀಳೋ ಹಾಗೆ, ಅದು ನಿಜ.

ಚೈನಿನ ಬಗ್ಗೆ ಮಾತ್ರ ಒಪ್ಪಲ್ಲ. ಲೋ ಗೇರಲ್ಲಿ, ಚೈನು ಬಿಗಿ ಮಾಡಿಕೊಂಡು, ನಿಧಾನಕ್ಕೆ ಎಳೆದ್ರೆ ಏನೂ ಆಗಲ್ಲ. ಜರ್ಕ್ ಕೊಡೋನು ಡ್ರೈವರೇ ಅಲ್ಲ.

ಫೋರ್‌ಬೈಫೋರ್_ಬೆಂಗಳೂರು, ಬೆಳಗ್ಗೆ 9.44

ಬಿಗಿ ಮಾಡಿಕೊಂಡು ನಿಧಾನ ಎಳೆಯೋದಾದ್ರೆ ನನ್ನದೇನೂ ತಕರಾರಿಲ್ಲ ಅಣ್ಣ. ನಡುವೆ ಚೈನಿನ ಮೇಲೆ ಒದ್ದೆ ಗೋಣಿ ಹಾಕಿ, ಕಡಿದರೆ ಹಾರದೆ ನೆಲಕ್ಕೆ ಬೀಳಲಿ. ಜನ ಹಗ್ಗದ ಉದ್ದಕ್ಕಿಂತ ದೂರ ನಿಲ್ಲಲಿ. ಟೋ ಹುಕ್ ಸ್ಟೆಪ್ನಿ ಜಾಗದಲ್ಲಿ ಸ್ಪ್ಯಾನರ್ ಜೊತೆ ಇರುತ್ತೆ, ಕೆಲವು ಕಾರುಗಳಲ್ಲಿ ಅದರ ತಿರುಪು ಎಡಕ್ಕೆ ತಿರುಗೋದು. ಬಲಕ್ಕೆ ತಿರುಗಿಸಿ "ಕೂರ್ತಿಲ್ಲ" ಅಂತ ಬಿಸಾಡಿದವರನ್ನ ನೋಡಿದ್ದೀನಿ.

ಟಿಟ್ಟಿಭ, ಬೆಳಗ್ಗೆ 11.10

ಕಾರು ಹೇಗೆ ತೆಗೆಯಬೇಕು ಅಂತ ಇಷ್ಟು ಚರ್ಚೆ. ಇಳಿಸಬಾರದಿತ್ತು ಅಂತ ಒಬ್ಬರೂ ಬರೆದಿಲ್ಲ.

ಆ ಬಯಲು ಯಾರಪ್ಪನದ್ದೂ ಅಲ್ಲ, ನೀರಾವರಿ ನಿಗಮದ್ದು. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುವುದು ಇಂತಹ ಬಯಲು ನೆಲದಲ್ಲೇ. ಗೂಡು ಅಂತ ಇರುವುದಿಲ್ಲ, ಸಣ್ಣ ಕುಳಿ, ಸುತ್ತ ನಾಲ್ಕು ಕಲ್ಲಿನ ಚೂರು, ನೆಲದ ಬಣ್ಣದ್ದೇ ಮೊಟ್ಟೆ. ಕಾಲಡಿಯಲ್ಲಿದ್ದರೂ ಕಾಣುವುದಿಲ್ಲ, ಚಕ್ರದಡಿಯಲ್ಲಿ ಕೇಳಬೇಕಾ? ತಲೆಯ ಮೇಲೆ ಹಕ್ಕಿ ಕೂಗುತ್ತಾ ಸುತ್ತುತ್ತಿದ್ದರೆ ಅದು ಸ್ವಾಗತ ಅಲ್ಲ ಸ್ವಾಮಿ.

ಮತ್ತೆ ಸಂಜೆ ಆರೂವರೆ, ಏಳು ಗಂಟೆ. ಆನೆ ನೀರಿಗೆ ಇಳಿಯುವ ಹೊತ್ತು. ಮಕ್ಕಳು, ಮುದುಕಿಯನ್ನು ಕತ್ತಲಾಗುವ ತನಕ ಅಲ್ಲಿ ನಿಲ್ಲಿಸಿಕೊಂಡದ್ದು ನನಗೆ ಸರಿ ಕಾಣಲಿಲ್ಲ. ಕಾರು ಬಿಟ್ಟು ಬರಬೇಕಿತ್ತು.

ಹಳೇಜೀಪು, ಮಧ್ಯಾಹ್ನ 12.30

ಆನೆಯ ಮಾತು ಒಪ್ಪಿದೆ. ಏಳೂವರೆಗೆ ಬರದಿದ್ದರೆ ಎಲ್ಲರನ್ನೂ ಜೀಪಿನಲ್ಲಿ ಸುಂಟಿಕೊಪ್ಪಕ್ಕೆ ಬಿಡುವುದು ಅಂತ ನಾವು ಅಣ್ಣ ತಮ್ಮ ಮಾತಾಡಿಕೊಂಡಿದ್ದೆವು, ಅವರಿಗೆ ಹೇಳಿರಲಿಲ್ಲ. ಹೇಳಬೇಕಿತ್ತು. ಈಗ ಏಪ್ರಿಲ್, ನೀರು ಒಂದೇ ರಾತ್ರಿಯಲ್ಲಿ ಕಾರಿನ ತನಕ ಏರುವ ಕಾಲ ಅಲ್ಲ. ಜೂನ್ ಕೊನೆಯಾಗಿದ್ದರೆ ಬಿಟ್ಟು ಬರುವ ಮಾತೇ ಬೇರೆ.

ಹೊಸಲೈಸೆನ್ಸ್, ಮಧ್ಯಾಹ್ನ 1.15

ಒಂದು ಪ್ರಶ್ನೆ, ನಗಬೇಡಿ. ಸಹಾಯಕ್ಕೆ ಯಾರೂ ಬರದಿದ್ದರೆ? ಜಾಕ್ ಹಾಕಿ ಎತ್ತಬಹುದಾ?

ಗೋಡುಮಣ್ಣು, ಮಧ್ಯಾಹ್ನ 2.00

ಎತ್ತಬಹುದು. ಬರೀ ಜಾಕ್ ಇಟ್ಟರೆ ಕಾರು ಮೇಲೆ ಬರುವುದಿಲ್ಲ, ಜಾಕ್ ಕೆಳಗೆ ಹೋಗುತ್ತದೆ. ಜಾಕಿನ ಕೆಳಗೆ ಅಗಲದ ಹಲಗೆ ಬೇಕು, ಇಲ್ಲದಿದ್ದರೆ ಸ್ಟೆಪ್ನಿಯನ್ನೇ ಮಲಗಿಸಿ ಅದರ ಮೇಲೆ ಸಣ್ಣ ಹಲಗೆ. ಚಕ್ರ ಎತ್ತಿದ ಮೇಲೆ ಕೆಳಗಿನ ಗುಂಡಿಗೆ ಸೊಪ್ಪು, ಕಡ್ಡಿ, ಗೋಣಿ, ತೆಂಗಿನ ಗರಿ ಏನು ಸಿಗುತ್ತದೋ ಅದನ್ನು ತುಂಬಿ ಇಳಿಸಿ. ಅಡಿಕೆ ಹಾಳೆ ಬೇಡ, ಒದ್ದೆಯಾದರೆ ಜಾರುತ್ತದೆ. ಟಾರ್ಪಾಲು ಇನ್ನೂ ಜಾರುತ್ತದೆ. ಜಾಕ್ ಮೇಲಿರುವ ಕಾರಿನ ಅಡಿಗೆ ಕೈ, ತಲೆ ಹಾಕಬೇಡಿ.

ಫೋರ್‌ಬೈಫೋರ್_ಬೆಂಗಳೂರು, ಮಧ್ಯಾಹ್ನ 2.25

ವಿಂಚ್ (ಗಾಡಿಗೆ ಕೂರಿಸಿದ, ಹಗ್ಗ ಸುತ್ತಿ ಎಳೆಯೋ ಯಂತ್ರ) ಇದ್ದು ಕಟ್ಟೋಕೆ ಮರ ಇಲ್ಲದಿದ್ರೆ ಸ್ಟೆಪ್ನಿಗೆ ಹಗ್ಗ ಕಟ್ಟಿ ಆಳಕ್ಕೆ ಹೂತು ಅದನ್ನೇ ಗೂಟ ಮಾಡಬಹುದು. ಅಗೆಯೋ ಅಷ್ಟರಲ್ಲಿ ಅಜ್ಜಿ ನೆನಪಾಗ್ತಾಳೆ, ಆದ್ರೆ ಹಿಡಿಯುತ್ತೆ.

ಕರಿಮೆಣಸು, ಮಧ್ಯಾಹ್ನ 2.31

ಮರ ಇದ್ದರೂ ಸಿಲ್ವರ್ ಓಕ್‌ಗೆ ಕಟ್ಟಬೇಡಿ. ಗಾಳಿಗೇ ಲಟಕ್ ಅಂತ ಮುರಿಯುವ ಮರ. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಿತ್ತು ಬಂದರೆ ತೋಟದವರು ನಿಮ್ಮನ್ನೂ ಅಲ್ಲೇ ಹೂಳ್ತಾರೆ. ಹಲಸು ನೋಡಿ.

ಅಮ್ಮತ್ತಿ_ಅಕ್ಕ, ಸಂಜೆ 4.10

ಒಂದು ಕೇಳಲು ಮರೆತಿದ್ದೆ. ಅವರು ಹೊರಡುವಾಗ ಟೈರಿಗೆ ಗಾಳಿ ಹಾಕಿ ಕಳಿಸಿದಿರಾ? 16ರಲ್ಲಿ ಬೆಂಗಳೂರು ತನಕ ಹೋಗಿದ್ದರೆ?

ಹಳೇಜೀಪು, ಸಂಜೆ 5.20

ಹಾಕಿದೆವು ಅಕ್ಕ. ಕಾಲಲ್ಲಿ ತುಳಿಯುವ ಪಂಪು, ತಮ್ಮನ ಮಗ ಮತ್ತು ಅವರ ದೊಡ್ಡ ಹುಡುಗ ಸರದಿ ಮೇಲೆ ತುಳಿದರು. 25ಕ್ಕೆ ಬರುವಾಗ ಇಬ್ಬರೂ ನೆಲಕ್ಕೆ. ಮೂವತ್ತು ಕಿಲೋಮೀಟರ್ ವೇಗದ ಮೇಲೆ ಓಡಿಸಬೇಡಿ, ಸುಂಟಿಕೊಪ್ಪದಲ್ಲಿ ಪಂಕ್ಚರ್ ಅಂಗಡಿ ಉಂಟು, ಅಲ್ಲಿ ಸರಿ ಮಾಡಿಸಿಕೊಂಡೇ ಹೋಗಿ ಅಂದಿದ್ದೆ. ನಾವು ಅಷ್ಟೂ ಹೊತ್ತು ಮಾತಾಡದೆ ನಿಂತಿದ್ದಾಗ ಆ ಹುಡುಗರಿಬ್ಬರು ಮಾತ್ರ ಜೋರು ಲೆಕ್ಕ ಹಾಕ್ತಾ ಇದ್ದರು, ತೊಂಬತ್ತರ ನಂತರ ಲೆಕ್ಕ ತಪ್ಪಿ ಮತ್ತೆ ಒಂದರಿಂದ.

ಇವತ್ತು ಮಧ್ಯಾಹ್ನ ಗೋಣಿ ತರಲು ಹೋಗಿದ್ದೆ. ಗುಂಡಿಗಳನ್ನು ಮುಚ್ಚಿ ಬಂದೆ, ದನ ಕಾಲು ಮುರಿದುಕೊಳ್ಳಬಾರದಲ್ಲ. ಟಿಟ್ಟಿಭದವರೇ, ಹಕ್ಕಿ ಕೂಗ್ತಾ ಇತ್ತು, ಸುತ್ತು ಹಾಕಿ ಹೋದೆ. ಮರಳಿನೊಳಗಿಂದ ಅವರ ಎರಡು ಕಾಲ್ಮ್ಯಾಟು ಸಿಕ್ಕಿತು. ಒಂದು ಹರಿದಿದೆ, ಇನ್ನೊಂದು ತೊಳೆದರೆ ಹೊಸದರ ಹಾಗೆ. ಹೆಸರೂ ಕೇಳಲಿಲ್ಲ, ನಂಬರೂ ಇಲ್ಲ. ಬೂದು ಬಣ್ಣದ ಕಾರು, ಡ್ಯಾಶ್‌ಬೋರ್ಡ್ ಮೇಲೆ ತಲೆ ಆಡಿಸುವ ಗಣಪತಿ. ಅವರ ಪೈಕಿ ಯಾರಾದರೂ ಇದನ್ನು ಓದಿದರೆ ತಿಳಿಸಿ, ಮ್ಯಾಟು ಜೀಪಿನ ಹಿಂದೆ ಇಟ್ಟಿದ್ದೇನೆ. ಅಮ್ಮನ ಮಂಡಿ ಹೇಗಿದೆ ಅಂತಲೂ.